ಪೆಟ್ಟಿಗೆಯದೇ ತಪ್ಪು

ಫೆಬ್ರವರಿ 3

ಅಕ್ಕನಿಗೆ,

ಇವತ್ತು ಪಾರ್ಸೆಲ್ ಲಾರಿಯಲ್ಲಿ ನನ್ನ ಆಂಪ್ಲಿಫೈಯರ್ ಕಳಿಸಿದ್ದೇನೆ. ನಾನು ಕಾಲೇಜು ಬಿಟ್ಟ ವರ್ಷ, ಮುಚ್ಚಿಹೋದ ಡಾನ್ಸ್ ಕ್ಲಬ್ಬಿನವರಿಂದ ಕೊಂಡು ತಂದಿದ್ದೆನಲ್ಲ, ಹಳೇ ರೇಡಿಯೋದ ಹಾಗೆ ಒಳಗೆ ಗಾಜಿನ ವಾಲ್ವ್ ಉರಿಯುವ ಅದೇ ಪೆಟ್ಟಿಗೆ. ಅಪ್ಪ ಅದನ್ನು ನೋಡಿ, "ಇದು ಗಿಟಾರಿಂದೋ, ಬಟ್ಟೆ ಒಗೆಯೋ ಮಿಷಿನ್ನೋ?" ಅಂದಿದ್ದರು. ನೀನೂ ಜೊತೆಗೆ ನಕ್ಕಿದ್ದೆ. ನಿಮ್ಮಿಬ್ಬರ ಸಂಗೀತ ಜ್ಞಾನ ಅಷ್ಟೇ ಎಂದು ನಾನು ಆವತ್ತೇ ಕ್ಷಮಿಸಿದ್ದೇನೆ.

ರೋಗ ಎರಡು. ಮೊದಲನೆಯದು, ಸ್ವಿಚ್ ಹಾಕಿದ ಕೂಡಲೇ ಗುಂಯ್ ಎನ್ನುತ್ತದೆ. ಅದರ ಜೊತೆಗೆ ಒಂದು ಸುಂಯ್ ಸದ್ದೂ ಇದೆಯೆಂದು ನಮ್ಮ ತಂಡದ ಹಾಡುವವಳ ದೂರು. ಅದನ್ನೂ ತೆಗೆದುಬಿಡು. ಎರಡನೆಯದು ದೊಡ್ಡ ರೋಗ. ಮೇಲಿನ ಸ್ವರಗಳು ಸತ್ತುಹೋಗಿವೆ. ಸಣ್ಣ ತಂತಿ ಮೀಟಿದರೆ ಕಂಬಳಿಯೊಳಗಿಂದ ಯಾರೋ ಮಾತಾಡಿದ ಹಾಗೆ ಕೇಳುತ್ತದೆ. ಆ ಸ್ವರಗಳನ್ನು ಏರಿಸುವ ಟ್ರೆಬಲ್ ನಾಬ್ ಎಷ್ಟು ತಿರುಗಿಸಿದರೂ ಅಷ್ಟೇ.

ಇಲ್ಲಿಯ ರಿಪೇರಿಯವರಿಗೆ ತೋರಿಸಿದೆ. ಒಬ್ಬ, "ಗುಜರಿಗೆ ಹಾಕಿ ಸಾರ್, ಇದೇ ಸೌಂಡು ಮೊಬೈಲಲ್ಲೇ ಬರುತ್ತೆ" ಅಂದ. ಇನ್ನೊಬ್ಬ ಹಿಂದಿನ ಹಲಗೆ ಬಿಚ್ಚಿ, ಒಳಗೆ ಇಣುಕಿ, "ಬಲ್ಬೆಲ್ಲ ಚೆನ್ನಾಗೇ ಉರೀತಿದೆಯಲ್ಲ" ಅಂದ. ವಾಲ್ವಿಗೆ ಬಲ್ಬು ಎನ್ನುವವನ ಕೈಗೆ ಇದನ್ನು ಕೊಡುವುದಕ್ಕಿಂತ ನಿನ್ನ ಕೈಗೆ ಕೊಡುವುದು ವಾಸಿ. ಅಪ್ಪನ ಅಂಗಡಿಯಲ್ಲಿ ಕೂತು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿ ಮಾಡಿ ನಿನ್ನ ಕೈಯೂ ಜಡ್ಡುಗಟ್ಟಿರುತ್ತದೆ, ಗೊತ್ತು. ಆದರೂ ಅಪ್ಪ ಕಲಿಸಿದ್ದು ಪೂರ್ತಿ ಮರೆತಿರಲಾರೆ.

ಬೇಗ ಬೇಕು. ಏಪ್ರಿಲ್ ಕೊನೆಗೆ ನಾವು ನುಡಿಸುವ ಹೋಟೆಲಿನ ಹೊಸ ಹಾಲ್ ತೆರೆಯುತ್ತದೆ. ಅಲ್ಲಿ ದಿನಾ ಸಂಜೆ ಯಾರು ನುಡಿಸಬೇಕೆಂದು ಮ್ಯಾನೇಜರ್ ಆ ದಿನ ಕೇಳಿ ನಿರ್ಧರಿಸುತ್ತಾನೆ. ಸುಣ್ಣಕ್ಕೂ ಬೆಣ್ಣೆಗೂ ವ್ಯತ್ಯಾಸ ತಿಳಿಯದ ಮನುಷ್ಯ; ಆದರೂ ಅನ್ನ ಅವನ ಕೈಯಲ್ಲಿದೆ. ಈ ಜಾಗ ತಪ್ಪಿದರೆ ಈ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಬರುವುದಿಲ್ಲ.

ಫೋನ್ ಮಾಡಬೇಡ. ನೀನು ಮಾಡಿದ್ದನ್ನು ನೋಡಿದೆ, ಎತ್ತಲಿಲ್ಲ. ಫೋನಿನಲ್ಲಿ ಹರಟುವುದು ಕೆಲಸವಿಲ್ಲದವರ ಕೆಲಸ. ಆ ಎರಡಕ್ಷರದ ಮೆಸೇಜೂ ಬೇಡ. ಕಾಗದ ಬರೆ. ಬರೆಯುವಾಗ ಮನುಷ್ಯರು ಸ್ವಲ್ಪವಾದರೂ ಯೋಚಿಸುತ್ತಾರೆ. ನಿನಗೂ ಒಳ್ಳೆಯ ಅಭ್ಯಾಸ.

ತಮ್ಮ


ಫೆಬ್ರವರಿ 20

ಮಹಾ ವಿದ್ವಾಂಸನಾದ ತಮ್ಮನಿಗೆ,

ನಿನ್ನ ಪೆಟ್ಟಿಗೆ ಬಂತು. ಲಾರಿಯವರು ಅಂಗಡಿಯ ಬಾಗಿಲಲ್ಲಿ ಎಸೆದು ಹೋದರು. ನಿನ್ನ ಭಾವ ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕೂತಿದ್ದಾರೆ. "ನಿನ್ನ ತಮ್ಮ ಸಂಗೀತ ಮಾಡ್ತಾನೋ, ಕಲ್ಲುಗಣಿ ನಡೆಸ್ತಾನೋ?" ಎಂದು ಒಂದು ವಾರದಿಂದ ಕೇಳುತ್ತಿದ್ದಾರೆ.

ಹಿಂದಿನ ಹಲಗೆ ಬಿಚ್ಚಿದೆ. ಒಳಗೆ ಸಿಗರೇಟಿನ ಬೂದಿ, ಒಂದು ಹೇರ್‌ಪಿನ್, ಎರಡು ಜಿರಲೆ. ಜಿರಲೆಗಳಲ್ಲಿ ಒಂದಕ್ಕೆ ಜೀವ ಇತ್ತು. ನಿನ್ನ ಸಂಗೀತ ಕೇಳಿಯೂ ಬದುಕಿದ್ದಕ್ಕೆ ಅದನ್ನು ಹೊರಗೆ ಬಿಟ್ಟೆ. ಹೇರ್‌ಪಿನ್ ಯಾರದೆಂದು ನಾನು ಕೇಳುವುದಿಲ್ಲ. ಆದರೆ ಫ್ಯೂಸ್ ಇರಬೇಕಾದ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಟ್ಟಿದ್ದು ಯಾವ ಬುದ್ಧಿವಂತನ ಕೆಲಸ? ವಾಲ್ವಿಗೆ ಬಲ್ಬು ಅನ್ನುವವನನ್ನು ಹಂಗಿಸುತ್ತೀಯೆ. ಅವನಿಗೆ ಗೊತ್ತಿಲ್ಲದಿದ್ದರೂ ಹೋಟೆಲಿಗೆ ಬೆಂಕಿ ಇಡುವ ಕೆಲಸ ಮಾಡಲಿಲ್ಲ.

ಗುಂಯ್ ಎನ್ನುತ್ತಿದ್ದುದು ಕಂಡೆನ್ಸರುಗಳು ಒಣಗಿಹೋಗಿದ್ದರಿಂದ. ಎಲ್ಲ ಬದಲಾಯಿಸಿದೆ. ಸಡಿಲವಾಗಿದ್ದ ಬೆಸುಗೆಗಳನ್ನು ಹೊಸದಾಗಿ ಹಾಕಿದೆ. ಟ್ರೆಬಲ್ ನಾಬ್ ಬಿಚ್ಚಿ ತೊಳೆದೆ. ಫ್ಯೂಸಿನ ಜಾಗಕ್ಕೆ ಫ್ಯೂಸನ್ನೇ ಹಾಕಿದೆ, ನಿನಗೆ ವಿಚಿತ್ರ ಅನ್ನಿಸಬಹುದು. ಕೆಲಸ ಮುಗಿದಿದೆ.

ನಿನ್ನ ಸತ್ತ ಸ್ವರಗಳನ್ನೂ ಹುಡುಕಿದೆ. ಎಲ್ಲ ಬದುಕಿವೆ. ಪಕ್ಕದ ಟೈಲರ್ ಮಗಳ ಗಿಟಾರ್ ತಂದು ಸಿಕ್ಕಿಸಿ ಮೀಟಿದೆ. ಸಣ್ಣ ತಂತಿ ಎಷ್ಟು ಚೂಪಾಗಿ ಬಂತೆಂದರೆ ಟೈಲರ್ ಎದ್ದು ಬಂದು, "ಅಕ್ಕಾರೆ, ಸ್ವಲ್ಪ ಕಮ್ಮಿ ಮಾಡಿ, ಸೂಜಿಗೆ ದಾರ ಹೋಗ್ತಿಲ್ಲ" ಅಂದ. ನಿನ್ನ ಕಂಬಳಿ ಎಲ್ಲಿಂದ ಬಂತೋ ನನಗೆ ತಿಳಿಯದು. ಹಳೆಯ ತಂತಿಗಳನ್ನು ಬದಲಾಯಿಸದೆ ಜಿಪುಣತನ ಮಾಡಿರುತ್ತೀಯೆ.

ಫೋನ್ ಎತ್ತದಷ್ಟು ದೊಡ್ಡ ಮನುಷ್ಯನಾಗಿದ್ದೀಯೆ. ಸಂತೋಷ. ಹೋಟೆಲಿನಲ್ಲಿ ಊಟ ಮಾಡುವವರ ಚಮಚದ ಸದ್ದಿಗೆ ತಾಳ ಹಾಕುವವನಿಗೇ ಇಷ್ಟು ಗತ್ತು.

ಅಕ್ಕ


ಮಾರ್ಚ್ 7

ರಿಪೇರಿ ಪ್ರವೀಣೆಗೆ,

ಪೆಟ್ಟಿಗೆ ತಲುಪಿತು. ಗುಂಯ್ ಹೋಗಿದೆ. ಇನ್ನೊಂದು ವಿಷಯವನ್ನೂ ಒಪ್ಪಲೇಬೇಕು: ಆ ಸುಂಯ್ ಸದ್ದನ್ನು ಹೇಳಹೆಸರಿಲ್ಲದಂತೆ ಅಳಿಸಿಹಾಕಿದ್ದೀಯೆ. ಇದೊಂದಕ್ಕೆ ನಿನ್ನನ್ನು ಮೆಚ್ಚಿದೆ. ಇಷ್ಟು ನಿಶ್ಶಬ್ದವಾಗಿ ಈ ಪೆಟ್ಟಿಗೆ ಹೊಸದರಲ್ಲೂ ಇರಲಿಲ್ಲ.

ಆದರೆ ಮೆಚ್ಚುಗೆ ಅಲ್ಲಿಗೆ ಮುಗಿಯಿತು. ಮೇಲಿನ ಸ್ವರಗಳು ಮೊದಲಿಗಿಂತ ಹೆಚ್ಚು ಸತ್ತಿವೆ. ಸುಂಯ್ ತೆಗೆಯುವ ಭರದಲ್ಲಿ ಜೀವವನ್ನೂ ತೆಗೆದಿದ್ದೀಯೆ. ಮೂಗು ಸೋರುತ್ತಿದೆ ಎಂದು ಹೋದರೆ ಮೂಗನ್ನೇ ಕೊಯ್ದು ಕಳಿಸಿದ ವೈದ್ಯೆ ನೀನು. ಟೈಲರ್ ಮಗಳ ಆಟಿಕೆ ಗಿಟಾರ್ ಸಿಕ್ಕಿಸಿ ಪರೀಕ್ಷೆ ಮಾಡಿದವಳ ಮಾತನ್ನು ನಾನು ಕೇಳಬೇಕೇ? ತಂತಿಗಳು ಹೊಸವು. ಹೋದ ವಾರ ಹಾಕಿದ್ದು.

ಈಗ ಟ್ರೆಬಲ್ ಪೂರ್ತಿ ತಿರುಗಿಸಿಟ್ಟು ನುಡಿಸುತ್ತಿದ್ದೇನೆ, ಬೇರೆ ದಾರಿಯಿಲ್ಲ. ಹಾಡುವವಳು ಅದಕ್ಕೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಸುಂಯ್ ಇನ್ನೂ ಇದೆ ಎಂದು ಹಠ ಬೇರೆ. ಇಲ್ಲದ ಸದ್ದು ಕೇಳಿಸುತ್ತದಂತೆ ಮಹಾರಾಣಿಗೆ! ನನ್ನ ಗಿಟಾರ್ ಮುಂದೆ ತನ್ನ ದನಿ ಮಂಕಾಗುತ್ತದೆ ಎಂಬ ಹೊಟ್ಟೆಕಿಚ್ಚು, ಮತ್ತೇನಿಲ್ಲ. ಡ್ರಮ್ಮಿನವನು ಅವಳ ಬಾಲ. ಅವಳು ಹುಬ್ಬು ಗಂಟಿಕ್ಕಿದರೆ ಇವನೂ ಗಂಟಿಕ್ಕುತ್ತಾನೆ.

ಏನೇನು ಬದಲಾಯಿಸಿದೆ, ಯಾವುದನ್ನು ಎಲ್ಲಿ ಹಾಕಿದೆ, ಎಲ್ಲವನ್ನೂ ಬರೆದು ಕಳಿಸು. ನಿನ್ನ ತಪ್ಪು ಯಾವುದೆಂದು ನಾನೇ ಹುಡುಕುತ್ತೇನೆ.

ತಮ್ಮ


ಮಾರ್ಚ್ 15

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಓದಿದೆ. ನೀನು ಹೇಳುವುದು ಸರಿಯಿರಬಹುದು. ನನ್ನ ಕೈಯಿಂದಲೇ ಏನಾದರೂ ತಪ್ಪಾಗಿರಬಹುದು. ಬೇಜಾರು ಮಾಡಿಕೊಳ್ಳಬೇಡ.

ಒಂದು ಉಪಕಾರ ಮಾಡು. ಯಾರೂ ಇಲ್ಲದಾಗ, ಗಿಟಾರ್ ಸಿಕ್ಕಿಸದೆ, ಪೆಟ್ಟಿಗೆಯನ್ನಷ್ಟೇ ಆನ್ ಮಾಡಿ ವಾಲ್ಯೂಮ್ ಪೂರ್ತಿ ಏರಿಸು. ಸ್ಪೀಕರಿನ ಹತ್ತಿರ ಕೂತು ಕೇಳು. ಸುಂಯ್ ಸದ್ದು ನಿಜವಾಗಿಯೂ ಪೂರ್ತಿ ಹೋಗಿದೆಯೇ ಎಂದು ತಿಳಿಸು. ಅವಸರವಿಲ್ಲ, ನಿನಗೆ ಬಿಡುವಾದಾಗ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಿದ್ದೆ ಚೆನ್ನಾಗಿ ಬರುತ್ತಿದೆಯಾ? ಭಾವನೂ ನಿನ್ನನ್ನು ಕೇಳಿದರು. ಅವರ ಸೊಂಟ ಈಗ ಪರವಾಗಿಲ್ಲ.

ಅಕ್ಕ


ಮಾರ್ಚ್ 23

ಅಕ್ಕಾ,

ಏನಾಗಿದೆ ನಿನಗೆ? ಯಾರಾದರೂ ಸತ್ತಿದ್ದಾರಾ? ಭಾವ ನಿಜವಾಗಿಯೂ ಚೆನ್ನಾಗಿದ್ದಾರಾ?

"ನೀನು ಹೇಳುವುದು ಸರಿಯಿರಬಹುದು" ಎಂದು ನೀನು ನನಗೆ ಹೇಳಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು. ಕಾಗದವನ್ನು ತಿರುಗಿಸಿ ನೋಡಿದೆ, ಹಿಂದೆ ಬೈಗುಳ ಬರೆದಿರಬಹುದೆಂದು. ಅತಿ ವಿನಯ ಧೂರ್ತ ಲಕ್ಷಣ. ಏನೋ ಹಾಳು ಮಾಡಿದ್ದೀಯೆ, ಅದಕ್ಕೇ ಬಾಲ ಮುದುರಿಕೊಂಡು ಊಟ, ನಿದ್ದೆ ವಿಚಾರಿಸುತ್ತಿದ್ದೀಯೆ.

ನೀನು ಹೇಳಿದ ಹಾಗೆಯೇ ಮಾಡಿದೆ. ಮಧ್ಯಾಹ್ನ ಹಳೆಯ ಹಾಲ್ ಖಾಲಿಯಿತ್ತು. ವಾಲ್ಯೂಮ್ ಪೂರ್ತಿ ಏರಿಸಿ ಸ್ಪೀಕರಿಗೆ ಮುಖ ಕೊಟ್ಟು ಕೂತೆ. ಏನೂ ಇಲ್ಲ. ಬೀರು ತೆಗೆದು ಖಾಲಿ ನೋಡಿದ ಹಾಗೆ, ಅಷ್ಟು ಏನೂ ಇಲ್ಲ. ನೆಲ ಒರೆಸುವ ಹೆಂಗಸು ಮಾತ್ರ ಆ ಹೊತ್ತಿಗೆ ಒಳಗೆ ಬಂದು, ಗಾಬರಿಯಿಂದ ಅತ್ತಿತ್ತ ನೋಡಿ, ಅಡುಗೆಮನೆಯ ಕಡೆ ಓಡಿದಳು. ಆಮೇಲೆ ಬಂದು ಎಲ್ಲ ಕಿಟಕಿಗಳನ್ನೂ ತೆಗೆದಳು. ಏನು ಎಂದು ನಾನು ಕೂಗಿ ಕೇಳಿದರೆ ನನ್ನ ಮುಖದ ಹತ್ತಿರ ಬಂದು, "ಗ್ಯಾಸ್ ಸೋರ್ತಿದೆ ಸಾರ್, ಸುಂಯ್ ಅಂತ ಕೇಳಿಸ್ತಿಲ್ವಾ?" ಎಂದಳು. ಗ್ಯಾಸೂ ಇಲ್ಲ, ಗೀಸೂ ಇಲ್ಲ. ಇಂಥ ತಲೆಕೆಟ್ಟವರ ನಡುವೆ ನಾನು ಸಂಗೀತ ಮಾಡಬೇಕು.

ಮ್ಯಾನೇಜರ್ ನಿನ್ನೆ ಟೈ ಸರಿಮಾಡಿಕೊಂಡು ಬಂದು, "ಆ ಹಳೇ ಡಬ್ಬ ಬಿಟ್ಟು ಚಿಕ್ಕದೊಂದು ತಗೊಳ್ಳಿ, ಗೆಸ್ಟ್‌ಗಳಿಗೆ ಕಿವಿ ನೋಯುತ್ತಂತೆ" ಎಂದ. ಹಾಡುವವಳು ಚಾಡಿ ಹೇಳಿದ್ದಾಳೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡೆ.

ನಾಟಕ ಬಿಟ್ಟು ನಿಜ ಬರೆ. ಪೆಟ್ಟಿಗೆಗೆ ಏನು ಮಾಡಿದ್ದೀಯೆ?

ತಮ್ಮ


ಏಪ್ರಿಲ್ 4

ತಮ್ಮಾ,

ಸರಿ. ಬೈದು ಬರೆದರೇ ನಿನಗೆ ಹೊಟ್ಟೆ ತುಂಬುವುದಾದರೆ ಬಡಿಸುತ್ತೇನೆ.

ಪೆಟ್ಟಿಗೆಗೆ ನಾನು ಏನೂ ಮಾಡಿಲ್ಲ. ಸುಂಯ್ ಸದ್ದನ್ನು ತೆಗೆಯಲೇ ಇಲ್ಲ. ಅದು ಮೊದಲನೆಯ ಸಣ್ಣ ವಾಲ್ವಿನ ದೋಷ. ಆ ವಾಲ್ವ್ ನನಗೆ ಸಿಗಲಿಲ್ಲ. ಸಿಗಲಿಲ್ಲ ಎಂದು ನಿನಗೆ ಬರೆದರೆ ತಿಂಗಳುಗಟ್ಟಲೆ ಆಡಿಕೊಳ್ಳುತ್ತೀಯೆ ಎಂದು "ಕೆಲಸ ಮುಗಿದಿದೆ" ಅಂದುಬಿಟ್ಟೆ. ಇಲ್ಲಿ ಅದನ್ನು ಆನ್ ಮಾಡಿದಾಗ ನಿನ್ನ ಭಾವ ಒಳಗಿನ ಕೋಣೆಯಿಂದ, "ಒಲೆ ಮೇಲೆ ನೀರಿಟ್ಟು ಮರೆತ್ಯೇನೇ?" ಎಂದು ಕೂಗಿದರು. ಅವರ ಕಿವಿ ಎಂಥದೆಂದು ನಿನಗೇ ಗೊತ್ತು; ಸಂಬಳ ಎಷ್ಟು ಬಂತು ಎಂದು ಕೇಳಿದರೆ ಹವಾಮಾನ ಹೇಳುತ್ತಾರೆ. ಅವರಿಗೂ ಕೇಳಿಸಿತು. ನೆಲ ಒರೆಸುವವಳಿಗೂ ಕೇಳಿಸಿತು. ನೀನು ಸ್ಪೀಕರಿಗೆ ಮುಖ ಕೊಟ್ಟು ಕೂತು, ಏನೂ ಇಲ್ಲ ಎಂದು ಬರೆದಿದ್ದೀಯೆ.

ಪೆಟ್ಟಿಗೆ ಸರಿಯಿದೆ. ಕೆಟ್ಟಿರುವುದು ನಿನ್ನ ಕಿವಿ.

ನಾನು ಮಾಡದ ಕೆಲಸಕ್ಕೆ ನೀನು ನನ್ನನ್ನು ಮೆಚ್ಚಿ ಬರೆದ ಕಾಗದ ಓದಿದ ದಿನ ಕಾದ ಬೆಸುಗೆ ಕಡ್ಡಿಯನ್ನು ಮೇಜಿನ ಮೇಲೆಯೇ ಮರೆತುಬಿಟ್ಟೆ, ಮೇಜು ಸುಟ್ಟು ತೂತಾಯಿತು. ಹೆದರಿಕೆಯಾಯಿತು ಕಣೋ. ನೀನು ಫೋನ್ ಎತ್ತದಿದ್ದುದು ಗತ್ತಿನಿಂದ ಎಂದುಕೊಂಡಿದ್ದೆ. ಅಲ್ಲ ಎಂದು ಆಗ ಹೊಳೆಯಿತು. ಹೇಗೆ ಹೇಳುವುದೆಂದು ತಿಳಿಯದೆ ಸಕ್ಕರೆ ಸುತ್ತಿ ಬರೆದೆ. ಅದನ್ನೂ ನೀನು ಸಂಶಯದಿಂದ ಮೂಸಿ ನೋಡಿದೆ.

ಇಪ್ಪತ್ತೈದು ವರ್ಷ ಆ ಪೆಟ್ಟಿಗೆಯ ಬಾಯಿಗೆ ತಲೆ ಕೊಟ್ಟು ನಿಂತವನ ಕಿವಿ ಇನ್ನೇನಾಗುತ್ತದೆ? ಕೂಡಲೇ ಕಿವಿ ಡಾಕ್ಟರರನ್ನು ನೋಡು. ಅದಕ್ಕಿಂತ ಮೊದಲು, ಹೊಸ ಹಾಲ್ ತೆರೆಯುವ ದಿನ ಟ್ರೆಬಲ್ ನಾಬನ್ನು ನೀನು ಮುಟ್ಟಬೇಡ. ಆ ಹಾಡುವವಳ ಕೈಯಲ್ಲೇ ಸರಿಮಾಡಿಸು. ಅವಳಿಗೆ ಹೊಟ್ಟೆಕಿಚ್ಚಿಲ್ಲ, ಅವಳಿಗೆ ಕಿವಿ ನೋಯುತ್ತಿದೆ. ಒಂದು ಮಾತು ಕೇಳಿದರೆ ನಿನ್ನ ಕೆಲಸ ಉಳಿಯುತ್ತದೆ.

ಅಕ್ಕ


ಏಪ್ರಿಲ್ 11

ಅಂಗಡಿ ಯಜಮಾನಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಿಪೇರಿ ಬಾರದವಳು ಕಿವಿ ಡೊಂಕು ಅನ್ನುತ್ತಿದ್ದಾಳೆ.

ಕೆಲಸ ಮುಗಿದಿದೆ ಎಂದು ಸುಳ್ಳು ಹೇಳಿದ್ದು ನೀನು. ಈಗ ವಾಲ್ವ್ ಹಾಕಿಲ್ಲ ಎನ್ನುತ್ತಿರುವುದೂ ನೀನೇ. ಯಾವುದನ್ನು ನಂಬಲಿ? ನಾನು ಅಪ್ಪನ ಅಂಗಡಿಯಲ್ಲಿ ಕೂರದೆ ಗಿಟಾರ್ ಹಿಡಿದು ಹೋದೆನಲ್ಲ, ಆ ಉರಿ ನಿನಗೆ ಇನ್ನೂ ಆರಿಲ್ಲ. ಸುಟ್ಟ ಕಂಡೆನ್ಸರಿನ ವಾಸನೆಯಲ್ಲಿ ಜನ್ಮ ಕಳೆದವಳಿಗೆ, ದೀಪದ ಕೆಳಗೆ ನಿಂತು ಚಪ್ಪಾಳೆ ತೆಗೆದುಕೊಳ್ಳುವವನನ್ನು ಕಂಡರೆ ಆಗುವುದಿಲ್ಲ. ಅದನ್ನು ನೇರವಾಗಿ ಹೇಳು. ಕಿವಿಯ ನೆಪ ಬೇಡ.

ನನ್ನ ನಾಬ್ ಆ ಮಹಾರಾಣಿ ಮುಟ್ಟಬೇಕೇ? ಅದಕ್ಕಿಂತ ಕೈ ಕತ್ತರಿಸಿಕೊಂಡೇನು.

ಇನ್ನು ಬರೆಯಬೇಡ.

ಇತಿ, ನಿನಗೆ ಏನೂ ಆಗದ
ತಮ್ಮ


ಏಪ್ರಿಲ್ 21

ಬರೆಯಬೇಡ ಅಂದರೆ ಬರೆಯದೆ ಇರಲು ನಾನೇನು ನಿನ್ನ ತಂಡದ ಡ್ರಮ್ಮಿನವನಲ್ಲ.

ವಾಲ್ವ್ ಸಿಕ್ಕಿತು. ಹಳೆಯ ಸಿನಿಮಾ ಟಾಕೀಸಿನ ಯಂತ್ರ ಬಿಚ್ಚುತ್ತಿದ್ದವನಿಂದ ಬೇಡಿ ತಂದೆ. ಹತ್ತಿಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಬೆಸುಗೆ ಬೇಡ. ಎಡಗಡೆಯ ಕೊನೆಯ ಸಣ್ಣದನ್ನು ಮೆಲ್ಲಗೆ ಎಳೆದು ತೆಗೆದು, ಇದನ್ನು ಒತ್ತು. ಹಾಕುವ ಮೊದಲೊಮ್ಮೆ ಕೇಳು, ಹಾಕಿದ ಮೇಲೊಮ್ಮೆ ಕೇಳು. ಕೂದಲೆಳೆಯಷ್ಟು ವ್ಯತ್ಯಾಸ ಕೇಳಿಸಿದರೂ ನಾನೇ ಸುಳ್ಳಿ, ನಾನೇ ಹೊಟ್ಟೆಕಿಚ್ಚಿನವಳು. ಅಂಗಡಿಯ ಬೋರ್ಡಿನ ಮೇಲೆ ಹಾಗೆಂದು ಬರೆಸುತ್ತೇನೆ.

ನಿನಗೇನೂ ಆಗದವಳಾಗಿದ್ದರೆ ನನಗೆ ಈ ತಲೆನೋವು ಇರುತ್ತಿರಲಿಲ್ಲ.

ಅಕ್ಕ


ಜೂನ್ 12

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಹೊಸ ಹಾಲ್ ತೆರೆಯಿತು. ದೀಪ, ಹೂವು, ಬಿಳಿ ಮೇಜುಬಟ್ಟೆ, ನಗಲು ಸಂಬಳ ಪಡೆಯುವ ಮಾಣಿಗಳು. ನೀನು ಕಳಿಸಿದ ವಾಲ್ವ್ ಜೇಬಿನಲ್ಲೇ ಇತ್ತು, ಹಾಕಿರಲಿಲ್ಲ. ಟ್ರೆಬಲ್ ಪೂರ್ತಿ ತಿರುಗಿಸಿಟ್ಟು ಶುರು ಮಾಡಿದೆ. ಎರಡನೆಯ ಹಾಡಿಗೆ ಮುಂದಿನ ಮೇಜಿನವರು ಎದ್ದು ಹಿಂದಕ್ಕೆ ಹೋದರು. ಶ್ರೀಮಂತರಿಗೆ ಸಂಗೀತವೆಂದರೆ ಅಲರ್ಜಿ ಎಂದುಕೊಂಡೆ. ಮೂರನೆಯ ಹಾಡಿನ ನಡುವೆ ಹಾಡುವವಳು ಮೈಕ್ ಹಿಡಿದುಕೊಂಡೇ, ಒಂದು ಸಾಲೂ ಬಿಡದೆ, ನನ್ನ ಬೆನ್ನ ಹಿಂದೆ ಬಂದು ಬಗ್ಗಿ, ನಾಬನ್ನು ತಿರುಗಿಸಿ ಹೋದಳು. ಎಲ್ಲರ ಎದುರಿಗೆ.

ನನಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ ಅಕ್ಕ. ಕಂಬಳಿ ಹಾಗೇ ಇತ್ತು. ಆದರೆ ಎದುರಿಗೆ ಕೂತವರ ಮುಖಗಳು ಒಟ್ಟಿಗೆ ಸಡಿಲವಾದವು. ಹೆಗಲುಗಳು ಇಳಿದವು. ಒಬ್ಬ ಮುದುಕ ಕಿವಿಯಿಂದ ಬೆರಳು ತೆಗೆದ. ಅಷ್ಟು ಜನರಿಗೆ ನಾನು ನೋವು ಕೊಡುತ್ತಿದ್ದೆ, ಅದು ನನಗೆ ಕಣ್ಣಿನಿಂದ ತಿಳಿಯಿತು. ಆ ಹಾಡು ಮುಗಿಸಿ, ಗಿಟಾರ್ ಕೆಳಗಿಟ್ಟು ಬಂದುಬಿಟ್ಟೆ. ಮ್ಯಾನೇಜರ್ ಮಾತೂ ಆಡಲಿಲ್ಲ. ಆಡಿದ್ದರೂ ನನಗೆ ಅರ್ಧ ಕೇಳಿಸುತ್ತಿರಲಿಲ್ಲ. ನನ್ನ ಜಾಗದಲ್ಲಿ ಈಗ ಒಬ್ಬ ಎಳೆಯ, ಲಂಚ್‌ಬಾಕ್ಸಿನಷ್ಟು ದೊಡ್ಡ ಆಂಪ್ಲಿಫೈಯರ್ ತಂದು ನುಡಿಸುತ್ತಾನೆ. ನೋಡಲು ಹಲ್ಲುಜ್ಜುವ ಪುಡಿಯ ಜಾಹೀರಾತಿನಂತಿದ್ದಾನೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಿವಿ ಡಾಕ್ಟರ್ ನವೆಂಬರಿನಲ್ಲೇ ಹೇಳಿದ್ದರು. ಮೇಲಿನ ಸ್ವರಗಳು ಹೋಗಿವೆ, ಹೋದದ್ದು ಬರುವುದಿಲ್ಲ ಎಂದು. ಎರಡು ನಿಮಿಷದಲ್ಲಿ ಹೇಳಿ ಮುಂದಿನವರನ್ನು ಕರೆದರು. ನಾನು ನಂಬಲಿಲ್ಲ. ಪೆಟ್ಟಿಗೆಯದೇ ತಪ್ಪು ಇರಬೇಕು ಎಂದುಕೊಂಡೆ. ಅದನ್ನು ಯಾರು ಹೇಳಿದರೂ ನನಗೆ ಸಾಲದು. ಮುಲಾಜಿಗೆ ಮಾತಾಡದವಳು ನೀನೊಬ್ಬಳೇ. ನೀನು "ಹೌದು, ಪೆಟ್ಟಿಗೆ ಕೆಟ್ಟಿದೆ" ಅಂದಿದ್ದರೆ ಡಾಕ್ಟರು ಸುಳ್ಳಾಗುತ್ತಿದ್ದರು. ಅದಕ್ಕೇ ಕಳಿಸಿದ್ದು. ಗುಂಯ್ ಒಂದು ನೆಪ.

ನಿನ್ನ ಆ ಪ್ರೀತಿಯ ಕಾಗದ ಬಂತಲ್ಲ, ಬೈಗುಳವೇ ಇಲ್ಲದ್ದು, ಅದನ್ನು ಓದಿದಾಗಲೇ ಎಲ್ಲ ಮುಗಿಯಿತು ಎಂದು ಗೊತ್ತಾಯಿತು. ಆಮೇಲೆ ನಾನು ಹಾರಾಡಿದ್ದೆಲ್ಲ ಬರೀ ಗಾಳಿ. ಅಂಗಡಿಯ ಬಗ್ಗೆ ಬರೆದದ್ದು ಕೊಳಕು ಮಾತು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಪೆಟ್ಟಿಗೆಯನ್ನು ಮತ್ತೆ ಲಾರಿಗೆ ಹಾಕಿದ್ದೇನೆ. ವಾಲ್ವನ್ನು ಹತ್ತಿಯ ಸಮೇತ ಅದರೊಳಗೇ ಇಟ್ಟಿದ್ದೇನೆ. ಮಾರಿಬಿಡು. ಯಾರಿಗೆ ಬೇಕಾದರೂ ಕೊಡು, ಆದರೆ ನುಡಿಸುವವರಿಗೆ ಕೊಡು. ಭಾವನಿಗೆ ಎತ್ತಲು ಬಿಡಬೇಡ. ನಾನು ಇನ್ನು ಗಿಟಾರ್ ಮುಟ್ಟುವುದಿಲ್ಲ.

ಒಂದೇ ಒಂದು ಪ್ರಶ್ನೆ. ಇಷ್ಟು ವರ್ಷದಲ್ಲಿ ನೀನು ಒಂದು ಸಲವೂ ನನ್ನನ್ನು ಹೊಗಳಿಲ್ಲ. ಕಿವಿ ಚೆನ್ನಾಗಿದ್ದಾಗಲಾದರೂ ನಾನು ಚೆನ್ನಾಗಿ ನುಡಿಸುತ್ತಿದ್ದೆನಾ? ಸಕ್ಕರೆ ಸುತ್ತಿ ಬರೆದರೆ ನಂಬುವುದಿಲ್ಲ.

ತಮ್ಮ


ಜುಲೈ 17

ತಮ್ಮಾ,

ಪೆಟ್ಟಿಗೆ ಹೋಯಿತು.

ಮೊದಲು ಬಂದವನು ಕಾಫಿ ಅಂಗಡಿಯವನು. ಒಳಗಿನದನ್ನೆಲ್ಲ ಕಿತ್ತು ಬಿಸಾಕಿ ಮೇಲೆ ಹೂಕುಂಡ ಇಡುತ್ತಾನಂತೆ. "ಹಳೇ ಲುಕ್ ಬೇಕು ಮೇಡಂ" ಅಂದ. "ನಮ್ಮ ಮನೆಯವರನ್ನ ಕರ್ಕೊಂಡು ಹೋಗಿ, ಅವರದ್ದೂ ಹಳೇ ಲುಕ್ಕೇ" ಅಂದೆ. ನಿನ್ನ ಭಾವ ಒಳಗಿನಿಂದ, "ಯಾರು ಬಂದ್ರು?" ಎಂದರು. ಎರಡನೆಯವನು ಗಡ್ಡ, ಟೋಪಿ, ಕತ್ತಿನಲ್ಲಿ ಕ್ಯಾಮೆರಾ. ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ, "ಎಂಥಾ ಸೌಂಡು!" ಅಂದ. ನಾನಿನ್ನೂ ಸ್ವಿಚ್ಚೇ ಹಾಕಿರಲಿಲ್ಲ. ಅವನನ್ನೂ ಕಳಿಸಿದೆ.

ಕೊನೆಗೆ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಳು. ಪಾಳಿ ಮುಗಿಸಿ ಬಂದಿದ್ದಳು, ಕಾಲು ಊದಿತ್ತು. ತನ್ನದೇ ಗಿಟಾರ್ ತಂದಿದ್ದಳು. "ಒಂದ್ಸಲ ನುಡಿಸಿ ನೋಡ್ಲಾ?" ಎಂದು ಕೇಳಿದಳು. ಸ್ಟೂಲ್ ಎಳೆದು ಕೊಟ್ಟೆ. ಆ ಹಳೆಯ ವಾಲ್ಟ್ಸ್ ಕುಣಿತದ ಧಾಟಿ ತೆಗೆದಳು. ಗಿಟಾರ್ ಕಲಿತವರೆಲ್ಲ ಅದನ್ನೇ ತಿಕ್ಕುತ್ತಾರಲ್ಲ, ನೀನೂ ಮಾಳಿಗೆಯ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ತಿಕ್ಕಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ. ಪರವಾಗಿಲ್ಲ ಎನ್ನುವಷ್ಟು ನುಡಿಸುತ್ತಿದ್ದೆ, ಅದಕ್ಕಿಂತ ಹೆಚ್ಚಿಲ್ಲ. ಆ ವಾಲ್ಟ್ಸಿನಲ್ಲಿ ಒಂದು ಕಡೆ ತಂತಿಯನ್ನು ಎಳೆದು ಮೇಲಿನ ಸ್ವರ ಮುಟ್ಟಬೇಕು. ನಿನಗೆ ಇಪ್ಪತ್ತು ವರ್ಷವಾಗಿದ್ದಾಗ, ಸೂಜಿ ಬಿದ್ದರೂ ಕೇಳುವಷ್ಟು ಕಿವಿ ಚುರುಕಿದ್ದಾಗಲೂ, ಅಲ್ಲಿ ನೀನು ಚೂರು ಕೆಳಗೇ ನಿಲ್ಲುತ್ತಿದ್ದೆ. ಒಂದು ದಿನವೂ ಮುಟ್ಟಲಿಲ್ಲ. ಕೆಳಗೆ ಅಂಗಡಿಯಲ್ಲಿ ನಾನೂ ಅಪ್ಪನೂ ಬೆಸುಗೆ ಹಾಕುತ್ತಾ ಇರುತ್ತಿದ್ದೆವು. ಆ ಜಾಗ ಹತ್ತಿರ ಬಂದಾಗ ಇಬ್ಬರೂ ಕೈ ನಿಲ್ಲಿಸುತ್ತಿದ್ದೆವು. "ಬಿದ್ದ" ಎನ್ನುತ್ತಿದ್ದರು ಅಪ್ಪ. ಇಬ್ಬರೂ ನಕ್ಕು ಮತ್ತೆ ಕೆಲಸ ಮುಂದುವರಿಸುತ್ತಿದ್ದೆವು. ಅಪ್ಪ ಹೋದ ಮೇಲೆ ನಾನೊಬ್ಬಳೇ ಹಾಗೆ ಅಂದುಕೊಳ್ಳುತ್ತಿದ್ದೆ.

ಈ ನರ್ಸ್ ಆ ಜಾಗಕ್ಕೆ ಬಂದಳು. ನಾನು ಕಾದೆ. ಅವಳು ಬೀಳಲಿಲ್ಲ. ಸ್ವರ ಎಲ್ಲಿರಬೇಕೋ ಅಲ್ಲಿಗೆ ಹೋಗಿ ನಿಂತಿತು. ನಿನಗಿಂತ ಚೆನ್ನಾಗಿ ನುಡಿಸಿದಳು, ಅದರಲ್ಲಿ ಅನುಮಾನವೇ ಬೇಡ. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದ್ದು ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆದು ಬಂದು ಪೆಟ್ಟಿಗೆಯನ್ನು ಅವಳಿಗೇ ಮಾರಿದೆ. ಚೌಕಾಸಿ ಮಾಡಲಿಲ್ಲ. ಆಸ್ಪತ್ರೆಯ ಇಬ್ಬರು ಬಂದು ಎತ್ತಿಕೊಂಡು ಹೋದರು.

ಇನ್ನು ಗಿಟಾರ್ ಮುಟ್ಟುವುದಿಲ್ಲ ಎಂದು ಬರೆದಿದ್ದೀಯೆ. ದೊಡ್ಡ ತ್ಯಾಗ ಮಾಡಿದವನ ಹಾಗೆ ಆಡಬೇಡ. ಇಲ್ಲಿಗೆ ಬಾ. ಮಾಳಿಗೆಯ ಕೋಣೆಯಲ್ಲಿ ಹಳೆಯ ಟಿವಿಗಳನ್ನು ತುಂಬಿದ್ದೆ, ಖಾಲಿ ಮಾಡಿಸಿದ್ದೇನೆ. ಗಿಟಾರ್ ತಗೊಂಡು ಬಾ, ಆ ವಾಲ್ಟ್ಸ್ ನುಡಿಸು. ಮೇಲಿನ ಸ್ವರ ನಿನಗೆ ಕೇಳಿಸುವುದಿಲ್ಲ, ಸರಿ, ನನಗೆ ಕೇಳಿಸುತ್ತದೆ. ಎದುರಿಗೇ ಕೂತಿರುತ್ತೇನೆ. ಬಿದ್ದಾಗ ಬಿದ್ದೆ ಅನ್ನುತ್ತೇನೆ.

ಅಕ್ಕ